ಲೆಕ್ಕದೊಳಗಿನ ಊರು: ಭೌತವಿಜ್ಞಾನದ ಸಮಸ್ಯೆಗಳನ್ನು ಬಿಡಿಸುವ ಬಗ್ಗೆ



ದತ್ತಿ ಉಪನ್ಯಾಸ ಎಂದರೆ ವಚನ, ಕಾವ್ಯ, ಜಾನಪದ ಎಂದು ನಾವು ಕೇಳುತ್ತಾ ಬಂದಿದ್ದೇವೆ. ಕವಿ ಲಕ್ಷ್ಮೀಶನ ದೇವನೂರು ಇರುವ ಸೀಮೆಯಲ್ಲಿ ಅದು ಆಗಲೇಬೇಕು. ಆದರೆ ಈ ದತ್ತಿಯ ಆಶಯ ವಿಜ್ಞಾನ. ಅದರಲ್ಲೂ ನಾನು ಒಂದು ಕಿರಿದಾದ ವಿಷಯವನ್ನು ಆರಿಸಿಕೊಂಡಿದ್ದೇನೆ: ಫಿಸಿಕ್ಸ್ ಪ್ರಾಬ್ಲಮ್. ಬಲ, ಚಲನೆ, ವಿದ್ಯುತ್ತು, ತರಂಗ ಈ ನಾಲ್ಕು ಪಾಠಗಳ ಕೊನೆಯಲ್ಲಿ ಬರುವ, ಮಕ್ಕಳ ನಿದ್ದೆ ಕೆಡಿಸುವ ಆ ಲೆಕ್ಕಗಳು. ನಾನು ಮೇಷ್ಟರಾಗಿ ಕಂಡ ಮಟ್ಟಿಗೆ, ಒಬ್ಬ ಹುಡುಗ ಅಥವಾ ಹುಡುಗಿ ವಿಜ್ಞಾನದಲ್ಲಿ ಉಳಿಯುವುದೋ ಬಿಟ್ಟುಹೋಗುವುದೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಈ ಲೆಕ್ಕಗಳ ಮುಂದೆ.

ಲೆಕ್ಕವನ್ನು ಬೋರ್ಡಿನ ಮೇಲೆ ಬರೆದ ಕೂಡಲೇ ತರಗತಿಯಿಂದ ಬರುವ ಮೊದಲ ಪ್ರಶ್ನೆ ನಿಮಗೆಲ್ಲ ಗೊತ್ತು: “ಯಾವ ಫಾರ್ಮುಲಾ ಸಾರ್?” ಕಡೂರಿನಲ್ಲೂ ಇದೇ, ತರೀಕೆರೆಯಲ್ಲೂ ಇದೇ, ಬೆಂಗಳೂರಿನ ದುಬಾರಿ ಕೋಚಿಂಗ್ ಸೆಂಟರಿನಲ್ಲೂ ಇದೇ. ಲೆಕ್ಕದಲ್ಲಿ ಕೊಟ್ಟಿರುವ ಅಂಕಿಗಳನ್ನು ಹೆಕ್ಕಿ ಒಂದು ಪಕ್ಕ ಬರೆದುಕೊಳ್ಳುವುದು, ಆ ಅಕ್ಷರಗಳೆಲ್ಲ ಇರುವ ಫಾರ್ಮುಲಾ ಹುಡುಕುವುದು, ಸಬ್‌ಸ್ಟಿಟ್ಯೂಟ್ ಮಾಡುವುದು, ಬಂದ ಉತ್ತರವನ್ನು ಪುಸ್ತಕದ ಹಿಂದಿನ ಪುಟದಲ್ಲಿ ತಾಳೆ ನೋಡುವುದು. ಈ ದಾರಿಯಲ್ಲಿ ಮಾರ್ಕ್ಸ್ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಇಡೀ ಪ್ರಯಾಣದಲ್ಲಿ ಆ ಮಗು ಒಮ್ಮೆಯೂ ಕೇಳಿಕೊಂಡಿರುವುದಿಲ್ಲ: ಇಲ್ಲಿ ನಡೆಯುತ್ತಿರುವುದೇನು? ಯಾವುದು ಯಾವುದನ್ನು ತಳ್ಳುತ್ತಿದೆ? ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ?

ಇದಕ್ಕೆ ಮಕ್ಕಳನ್ನು ದೂರುವುದು ನ್ಯಾಯವಲ್ಲ. ಯಗಟಿಯಿಂದಲೋ, ಸಿಂಗಟಗೆರೆಯಿಂದಲೋ, ಲಿಂಗದಹಳ್ಳಿಯಿಂದಲೋ, ಶಿವನಿಯಿಂದಲೋ ಬೆಳಗಿನ ಬಸ್ಸು ಹಿಡಿದು ಬರುವ ಮಗು ಹತ್ತನೇ ತರಗತಿಯವರೆಗೆ ಬಲ, ಸಂವೇಗ, ವಿಭವಾಂತರ ಎಂದು ಕನ್ನಡದಲ್ಲಿ ಓದಿರುತ್ತದೆ. ಸೈನ್ಸ್ ತೆಗೆದುಕೊಂಡ ತಿಂಗಳಲ್ಲೇ ಅದೇ ಪಾಠ ದಪ್ಪದೊಂದು ಇಂಗ್ಲಿಷ್ ಪುಸ್ತಕವಾಗಿ ಎದುರಿಗೆ ಬರುತ್ತದೆ. ನಾಲ್ಕು ಸಾಲಿನ ಲೆಕ್ಕದಲ್ಲಿ ಅದು ಪೂರ್ತಿಯಾಗಿ ಗುರುತು ಹಿಡಿಯಬಲ್ಲದ್ದು ಅಂಕಿಗಳನ್ನು ಮಾತ್ರ. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಇದರ ಮೇಲೆ ಸಿಇಟಿ ಬೇರೆ: ಭೌತವಿಜ್ಞಾನದ 60 ಪ್ರಶ್ನೆಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡು. ಅಷ್ಟರಲ್ಲಿ ಯೋಚಿಸುವುದಕ್ಕೆ ಪುರುಸೊತ್ತೆಲ್ಲಿ ಎಂದು ಕೇಳುತ್ತಾರೆ. ನನ್ನ ಉತ್ತರ ಇಷ್ಟೆ: ವರ್ಷವಿಡೀ ನಿಧಾನವಾಗಿ ಯೋಚಿಸಿದವರಿಗೆ ಮಾತ್ರ ಆ 80 ಸೆಕೆಂಡು ಸಾಲುತ್ತದೆ.

ಕನ್ನಡದಲ್ಲಿ ಲೆಕ್ಕವನ್ನು ಕಥೆಯಂತೆ ಹೇಳಿ ಬಿಡಿಸುವುದು ಹೊಸ ಸಾಹಸವೇನಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲೇ ಬರೆದ. ಆಧುನಿಕ ಕಾಲಕ್ಕೆ ಬಂದರೆ, ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಂದಿಗೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಪತ್ರಿಕೆಯನ್ನೇ ತಂದರು. ಆಮೇಲೆ ಆರ್.ಎಲ್. ನರಸಿಂಹಯ್ಯ, ಜಿ.ಟಿ. ನಾರಾಯಣರಾವ್, ಅಡ್ಯನಡ್ಕ ಕೃಷ್ಣಭಟ್ಟರು. ಇವರೆಲ್ಲ ವಿಜ್ಞಾನವನ್ನು ಕನ್ನಡದಲ್ಲಿ ಓದುವ ಹಾಗೆ ಮಾಡಿದರು. ಉಳಿದಿರುವ ಕೆಲಸ, ವಿಜ್ಞಾನವನ್ನು ಕನ್ನಡದಲ್ಲಿ ಯೋಚಿಸಿ ಬೇಕಾದ ಭಾಷೆಯಲ್ಲಿ ಬರೆಯುವ ಹಾಗೆ ಮಾಡುವುದು. ಪರೀಕ್ಷೆ ಇಂಗ್ಲಿಷಿನಲ್ಲಿರಲಿ. ಲೆಕ್ಕದ ಒಳಗೆ ನಡೆಯುವ ಸಂಗತಿಯನ್ನು ಮಗು ತನ್ನ ಮನೆಮಾತಿನಲ್ಲಿ ಮೊದಲು ಹೇಳಿಕೊಳ್ಳಲಿ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಅಜ್ಜಂಪುರದವರಿಗೆ ಅಮೃತ್ ಮಹಲ್ ತಳಿಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬಂದು, ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಸಾಮಾನು ಸರಂಜಾಮನ್ನು ಎಳೆದ ದನಗಳು. ಅವುಗಳ ತಳಿ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲೇ ಇದೆ. ಅಂಥ ಒಂದು ಜೋಡಿಯನ್ನು ಗಾಡಿಗೆ ಕಟ್ಟಿ. ನ್ಯೂಟನ್ನನ ಮೂರನೇ ನಿಯಮ ಹೇಳುವುದು: ಎತ್ತು ಗಾಡಿಯನ್ನು ಎಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತದೆಯೋ ಗಾಡಿ ಎತ್ತನ್ನು ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಹಾಗಾದರೆ ಗಾಡಿ ಮುಂದೆ ಹೋಗುವುದು ಹೇಗೆ? ಎರಡೂ ಸರಿಸಮ, ಎರಡೂ ಎದುರುಬದುರು, ಉಳಿದದ್ದು ಸೊನ್ನೆ ತಾನೆ? ಇದನ್ನು ಕೇಳುವ ಮಗು ದಡ್ಡ ಮಗುವಲ್ಲ. ನಿಯಮವನ್ನು ನಿಜವಾಗಿ ತಲೆಗೆ ತೆಗೆದುಕೊಂಡ ಮಗು. ಉರು ಹೊಡೆದವರಿಗೆ ಈ ಸಂಶಯ ಬರುವುದೇ ಇಲ್ಲ.

ಪೆನ್ಸಿಲ್ ತೆಗೆದುಕೊಂಡು ಗಾಡಿಯೊಂದನ್ನೇ ಬರೆಯಿರಿ. ಎತ್ತು ಬೇಡ, ನೆಲ ಬೇಡ, ಬರೀ ಗಾಡಿ. ಹೇರು ಸೇರಿ ಅದರ ರಾಶಿ 1,000 ಕೆ.ಜಿ. ಎಂದಿಟ್ಟುಕೊಳ್ಳಿ. ಅದರ ಮೇಲೆ ಅಡ್ಡಡ್ಡವಾಗಿ ಕೆಲಸ ಮಾಡುವ ಬಲಗಳು ಎರಡೇ. ನೊಗ ಮುಂದಕ್ಕೆ ಎಳೆಯುವುದು, 800 ನ್ಯೂಟನ್. ದಾರಿ ಮತ್ತು ಅಚ್ಚಿನ ಘರ್ಷಣೆ ಹಿಂದಕ್ಕೆ ಹಿಡಿಯುವುದು, 600 ನ್ಯೂಟನ್. ಮಿಕ್ಕಿದ್ದು 200. ಸಾವಿರ ಕೆ.ಜಿ.ಗೆ 200 ನ್ಯೂಟನ್ ಎಂದರೆ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 0.2 ಮೀಟರ್. ಗಾಡಿ ಚಲಿಸಿತು. ಅದು ಎತ್ತನ್ನು ಹಿಂದಕ್ಕೆ ಎಳೆಯುತ್ತಿರುವ ಬಲ ಈ ಚಿತ್ರದಲ್ಲಿ ಎಲ್ಲಿದೆ? ಇಲ್ಲ. ಅದು ಗಾಡಿಯ ಮೇಲಿನ ಬಲವೇ ಅಲ್ಲ.

ಈಗ ಪಕ್ಕದಲ್ಲಿ ಎತ್ತುಗಳನ್ನು ಮಾತ್ರ ಬರೆಯಿರಿ. ಎರಡೂ ಸೇರಿ 900 ಕೆ.ಜಿ. ಇರಲಿ. ಗಾಡಿಯ ಜೊತೆಗೇ ನಡೆಯುವುದರಿಂದ ಅವುಗಳಿಗೂ ಅದೇ 0.2ರ ವೇಗೋತ್ಕರ್ಷ ಬೇಕು. ಅದಕ್ಕೆ ಬೇಕಾದ ಬಲ 180 ನ್ಯೂಟನ್. ನೊಗ ಹಿಂದಕ್ಕೆ 800 ಎಳೆಯುತ್ತಿದೆ. ಹಾಗಾದರೆ ಮುಂದಕ್ಕೆ 980 ನ್ಯೂಟನ್ ಎಲ್ಲಿಂದಲೋ ಬರಬೇಕು. ಎಲ್ಲಿಂದ? ಎತ್ತುಗಳ ಚಿತ್ರಕ್ಕೆ ತಗುಲಿರುವ ಬೇರೆ ವಸ್ತು ಯಾವುದಿದೆ ಎಂದು ಹುಡುಕಿದರೆ ಉಳಿಯುವುದು ನೆಲ ಒಂದೇ. ಗೊರಸು ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಎತ್ತನ್ನು ಮುಂದಕ್ಕೆ ತಳ್ಳುತ್ತದೆ. ಮಳೆ ಬಿದ್ದ ಎರೆ ಹೊಲದಲ್ಲಿ ಗೊರಸು ಜಾರಿ, ಎತ್ತಿನ ಮೈಯಲ್ಲಿ ಎಷ್ಟೇ ಕಸುವಿದ್ದರೂ ಗಾಡಿ ನಿಂತಲ್ಲೇ ನಿಲ್ಲುವುದನ್ನು ಕಂಡವರಿಗೆ ಈ 980ರ ಅರ್ಥ ಕೂಡಲೇ ಹೊಳೆಯುತ್ತದೆ.

ಇನ್ನೂ ಒಂದು ಹೆಜ್ಜೆ ಇದೆ. ಐದು ಸೆಕೆಂಡಿನಲ್ಲಿ ಗಾಡಿಗೆ ಸೆಕೆಂಡಿಗೆ 1 ಮೀಟರ್ ವೇಗ ಬಂತು. ಆಮೇಲೆ ಅದೇ ವೇಗದಲ್ಲಿ ಸಾಗುತ್ತಿದ್ದರೆ ಎತ್ತು ಎಷ್ಟು ಎಳೆಯಬೇಕು? ತರಗತಿಯ ಮುಕ್ಕಾಲು ಭಾಗ “ಘರ್ಷಣೆಗಿಂತ ಜಾಸ್ತಿ” ಎನ್ನುತ್ತದೆ. ಸರಿಯಾಗಿ 600 ಸಾಕು. ವೇಗ ಬದಲಾಗದಿದ್ದರೆ ಬಲಗಳ ಮೊತ್ತ ಸೊನ್ನೆ. ಇದು ಮೊದಲನೇ ನಿಯಮ. ಗಾಡಿ ಹೊಡೆದವರಿಗೆ ಇದು ಬೇರೆ ರೀತಿಯಲ್ಲಿ ಗೊತ್ತು: ಹೊರಡುವಾಗ ಎತ್ತು ತಲೆ ತಗ್ಗಿಸಿ ಹೆಗಲು ಕೊಡುತ್ತದೆ, ಹೊರಟ ಮೇಲೆ ಕತ್ತು ಎತ್ತಿ ನಡೆಯುತ್ತದೆ. 600 ನ್ಯೂಟನ್, ಸೆಕೆಂಡಿಗೆ 1 ಮೀಟರ್, ಗುಣಿಸಿದರೆ 600 ವಾಟ್. ಒಂದು ಹಾರ್ಸ್‌ಪವರ್ 746 ವಾಟ್. ಒಂದು ಜೋಡಿ ಎತ್ತು ಸೇರಿ ಒಂದು ಎಚ್‌ಪಿಗಿಂತ ಸ್ವಲ್ಪ ಕಡಿಮೆ ಕೆಲಸ ಮಾಡುತ್ತಿದೆ. ನಿಮ್ಮ ತೋಟದ ಬೋರ್‌ವೆಲ್ಲಿಗೆ ಇಳಿಸಿರುವ ಮೋಟಾರು ಎಷ್ಟು ಎಚ್‌ಪಿಯದು ಎಂದು ನಿಮಗೆ ಗೊತ್ತಿದೆ. ಅದು ಎಷ್ಟು ಜೋಡಿ ಎತ್ತಿಗೆ ಸಮ ಎಂದು ಈಗ ನೀವೇ ಹೇಳಬಲ್ಲಿರಿ.

ಈ ಇಡೀ ಲೆಕ್ಕದಲ್ಲಿ ಬಳಸಿದ ಫಾರ್ಮುಲಾ ಮೂರೇ, ಅದೂ ಹೈಸ್ಕೂಲಿನವು. ಕೆಲಸವೆಲ್ಲ ನಡೆದದ್ದು ಚಿತ್ರದಲ್ಲಿ, “ಯಾರ ಮೇಲೆ ಯಾರು?” ಎಂಬ ಪ್ರಶ್ನೆಯಲ್ಲಿ. ಒಂದೊಂದು ವಸ್ತುವನ್ನು ಬಿಡಿಸಿ ಬರೆಯುವ ಈ ಚಿತ್ರವನ್ನು ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಕೇಳಿದರೆ ಮಾತ್ರ ಬರೆಯುತ್ತಾರೆ. ನನ್ನ ಮಾತು ಕೇಳುವುದಾದರೆ, ಚಿತ್ರವಿಲ್ಲದ ಬಲದ ಲೆಕ್ಕವನ್ನು ಅಧ್ಯಾಪಕರು ತಿದ್ದಲೇಬಾರದು, ಉತ್ತರ ಸರಿಯಿದ್ದರೂ.

1981ರಲ್ಲಿ ಅಮೆರಿಕದಲ್ಲಿ ಮಿಷೆಲಿನ್ ಚಿ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಒಂದಷ್ಟು ಭೌತವಿಜ್ಞಾನದ ಲೆಕ್ಕಗಳ ಚೀಟಿಗಳನ್ನು ಕೊಟ್ಟು, ಬಿಡಿಸುವುದು ಬೇಡ, ಒಂದೇ ಜಾತಿಯವನ್ನು ಒಟ್ಟಿಗೆ ಜೋಡಿಸಿ ಎಂದರು. ಹೊಸ ವಿದ್ಯಾರ್ಥಿಗಳು ಇಳಿಜಾರಿನ ಲೆಕ್ಕಗಳನ್ನು ಒಂದು ಕಡೆ, ಸ್ಪ್ರಿಂಗಿನವನ್ನು ಇನ್ನೊಂದು ಕಡೆ ಇಟ್ಟರು. ನುರಿತವರು ಇಳಿಜಾರಿನ ಒಂದು ಲೆಕ್ಕವನ್ನೂ ಸ್ಪ್ರಿಂಗಿನ ಒಂದು ಲೆಕ್ಕವನ್ನೂ ಒಟ್ಟಿಗೆ ಇಟ್ಟರು, ಎರಡರಲ್ಲೂ ಶಕ್ತಿ ಉಳಿಯುತ್ತದೆ ಎಂಬ ಕಾರಣಕ್ಕೆ. ಕಣ್ಣಿಗೆ ಕಾಣುವ ಸಾಮಾನು ನೋಡುವುದಕ್ಕೂ ಅದರ ಹಿಂದಿನ ನಿಯಮ ನೋಡುವುದಕ್ಕೂ ಇರುವ ಅಂತರ ಇದು. ಹಾರ್ವರ್ಡಿನ ಎರಿಕ್ ಮಝೂರ್ ತಮ್ಮ ವಿದ್ಯಾರ್ಥಿಗಳ ಬಗ್ಗೆ ಬರೆದದ್ದೂ ಇಂಥದ್ದೇ. ಕಿರ್ಚಾಫ್ ನಿಯಮ ಹಚ್ಚಿ ಕಷ್ಟದ ಸರ್ಕೀಟನ್ನು ಬಿಡಿಸಿದವರು, ಸ್ವಿಚ್ ಒತ್ತಿದರೆ ಯಾವ ಬಲ್ಬಿನ ಬೆಳಕು ಏರುತ್ತದೆ ಎಂಬ ಸರಳ ಪ್ರಶ್ನೆಗೆ ತಡವರಿಸಿದರು. ಹಾಗಾಗಿ ಇದು ಹಿಂದುಳಿದ ಊರಿನ ತೊಂದರೆ ಎಂದು ಯಾರೂ ತಿಳಿಯಬೇಕಾಗಿಲ್ಲ.

ನಮ್ಮ ಊರಲ್ಲಿ ಸಾಮಾನಿನ ಹಿಂದಿನ ನಿಯಮವನ್ನು ನೋಡುವುದು ಎಲ್ಲಿ? ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿದೆ. ಮಳೆಗಾಲದಲ್ಲಿ ದಿನಾ ಪತ್ರಿಕೆಯಲ್ಲಿ ನೀರಿನ ಮಟ್ಟ ಬರುತ್ತದೆ, ಗರಿಷ್ಠ 186 ಅಡಿ. ಅಷ್ಟು ಆಳದ ನೀರಿನ ಬುಡದಲ್ಲಿ ಒತ್ತಡ ಎಷ್ಟು? 186 ಅಡಿ ಎಂದರೆ 56.7 ಮೀಟರ್. ಸಾಂದ್ರತೆ, ಗುರುತ್ವ, ಆಳ ಮೂರನ್ನೂ ಗುಣಿಸಿದರೆ ಸುಮಾರು 5.6 ಲಕ್ಷ ಪಾಸ್ಕಲ್. ಒಂದು ಚದರ ಮೀಟರಿನ ಮೇಲೆ ಹೆಚ್ಚುಕಡಿಮೆ 57 ಟನ್ ಭಾರ. ಹಿನ್ನೀರು ಎಷ್ಟು ಮೈಲಿ ಹರಡಿದೆ ಎಂಬುದು ಈ ಲೆಕ್ಕದಲ್ಲಿ ಬರಲೇ ಇಲ್ಲ, ಗಮನಿಸಿ. ಆಳ ಮಾತ್ರ ಬಂತು.

ಅದೇ ಜಲಾಶಯದಿಂದ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 29.9 ಟಿಎಂಸಿ ನೀರನ್ನು ಮೇಲೆತ್ತಿ, ಅಜ್ಜಂಪುರದ ಹತ್ತಿರದ ಸುರಂಗದ ಮೂಲಕ ಚಿತ್ರದುರ್ಗ, ತುಮಕೂರಿನ ಕಡೆಗೆ ಹರಿಸಬೇಕೆಂಬ ಗುರಿ ಇದೆ. ಕಾಲುವೆಯ ಬಗ್ಗೆ, ಹಂಚಿಕೆಯ ಬಗ್ಗೆ ಎಷ್ಟೊಂದು ಚರ್ಚೆ ಕೇಳಿದ್ದೀರಿ. ನಾನು ಕೇಳುವುದು ಪಿಯುಸಿ ಪ್ರಶ್ನೆ: ಒಂದು ಟಿಎಂಸಿ ನೀರನ್ನು ಒಂದೇ ಒಂದು ಮೀಟರ್ ಎತ್ತುವುದಕ್ಕೆ ಎಷ್ಟು ಕರೆಂಟು ಬೇಕು?

ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರ್. ಒಂದು ಘನ ಮೀಟರ್ ನೀರು ಸಾವಿರ ಕೆ.ಜಿ. ಹಾಗಾಗಿ 2,830 ಕೋಟಿ ಕೆ.ಜಿ. ಇದನ್ನು 9.8ರಿಂದ, ಮತ್ತೆ 1 ಮೀಟರಿನಿಂದ ಗುಣಿಸಿದರೆ 27,700 ಕೋಟಿ ಜೂಲ್. ಜೂಲಿನಲ್ಲಿ ಹೇಳಿದರೆ ಮನಸ್ಸಿಗೆ ಏನೂ ಹತ್ತುವುದಿಲ್ಲ. ಕರೆಂಟ್ ಬಿಲ್ಲಿನ ಒಂದು ಯುನಿಟ್ ಎಂದರೆ 36 ಲಕ್ಷ ಜೂಲ್. ಭಾಗಿಸಿ: ಸುಮಾರು 77,000 ಯುನಿಟ್. ಪಂಪಿನಲ್ಲಿ ಒಂದು ಚೂರೂ ನಷ್ಟವಿಲ್ಲ ಎಂದುಕೊಂಡಾಗಿನ ಮಾತು ಇದು. 29.9 ಟಿಎಂಸಿಗೆ ಒಂದು ಮೀಟರಿಗೆ 23 ಲಕ್ಷ ಯುನಿಟ್, ಹತ್ತು ಮೀಟರ್ ಎತ್ತಿದರೆ 2.3 ಕೋಟಿ. ನಿಜವಾದ ಪಂಪು ಮೋಟಾರುಗಳಲ್ಲಿ ನಾಲ್ಕನೇ ಒಂದು ಭಾಗ ಸೋರಿಹೋಗುತ್ತದೆ ಎಂದಿಟ್ಟುಕೊಂಡರೆ ಅದು 3 ಕೋಟಿ ದಾಟುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ ಓದಿದರೆ ಲಕ್ಕವಳ್ಳಿಯ ವಿದ್ಯುದಾಗಾರ: ಒಂದು ಟಿಎಂಸಿ ನೀರು ಒಂದು ಮೀಟರ್ ಬಿದ್ದರೆ ಕೊಡಬಲ್ಲ ಶಕ್ತಿಯೂ ಹೆಚ್ಚೆಂದರೆ ಅದೇ 77,000 ಯುನಿಟ್. ಪಂಪ್‌ಹೌಸ್ ಲೆಕ್ಕ, ಪವರ್‌ಹೌಸ್ ಲೆಕ್ಕ ಎಂದು ಎರಡಿಲ್ಲ. ಹದಿನಾರು ವರ್ಷದ ಮಗು ಇಷ್ಟನ್ನು ಮಾಡಬಲ್ಲದಾದರೆ ನಾಳೆ ಗ್ರಾಮಸಭೆಯಲ್ಲಿ ನೀರಾವರಿಯ ಮಾತು ಬಂದಾಗ ಅದರ ಮಾತಿಗೆ ತೂಕ ಇರುತ್ತದೆ. ಭೌತವಿಜ್ಞಾನವನ್ನು ನಾವು ಕಲಿಸುವುದು ಬರೀ ಇಂಜಿನಿಯರಿಂಗ್ ಸೀಟಿಗೆ ಎಂದು ನಾನು ಒಪ್ಪುವುದಿಲ್ಲ.

ಉತ್ತರ ಬಂದ ಮೇಲೆ ಅದನ್ನು ಊರಿನ ಅನುಭವದ ಎದುರು ನಿಲ್ಲಿಸಬೇಕು. ಐದು ಎಚ್‌ಪಿ ಮೋಟಾರು 150 ಮೀಟರ್, ಅಂದರೆ ಸುಮಾರು ಐನೂರು ಅಡಿ ಆಳದಿಂದ ಸೆಕೆಂಡಿಗೆ ಎಷ್ಟು ಲೀಟರ್ ಎತ್ತೀತು? 3,730 ವಾಟನ್ನು 9.8ರಿಂದಲೂ 150ರಿಂದಲೂ ಭಾಗಿಸಿದರೆ ಎರಡೂವರೆ ಲೀಟರ್, ಅರ್ಧ ನಷ್ಟವಾದರೆ ಒಂದೂಕಾಲು ಲೀಟರ್. ದಶಮಾಂಶ ಬಿಂದು ತಪ್ಪಿ 250 ಲೀಟರ್ ಎಂದು ಬರೆದು ಅಡಿಗೆರೆ ಎಳೆಯುವ ಮಕ್ಕಳಿದ್ದಾರೆ. ಅವರ ಮನೆಯಲ್ಲೇ ಬೋರು ಇರುತ್ತದೆ, “ಒಂದು ಇಂಚು ನೀರಿದೆ, ಒಂದೂವರೆ ಇಂಚಿದೆ” ಎಂಬ ಮಾತು ದಿನಾ ಕಿವಿಗೆ ಬೀಳುತ್ತಿರುತ್ತದೆ. 250 ಲೀಟರ್ ಬಂದಿದ್ದರೆ ಕಡೂರಿನಲ್ಲಿ ಬರಗಾಲವೇ ಇರುತ್ತಿರಲಿಲ್ಲ! ಆ ತಿಳಿವಳಿಕೆಯನ್ನು ಪರೀಕ್ಷೆಯ ಕೋಣೆಗೆ ತರಬಾರದೆಂದು ಅವರಿಗೆ ಯಾರು ಹೇಳಿದರು? ಬಹುಶಃ ನಾವೇ, ಮಾತಿಲ್ಲದೆ.

ಈಗ ವಿದ್ಯುತ್ತಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ನಮ್ಮ ಸೀಮೆಯ ಮಕ್ಕಳಿಗೆ ಪುಸ್ತಕ ಬರೆದವರಿಗಿಂತ ಹೆಚ್ಚು ಗೊತ್ತಿರುವ ಜಾಗ ಇದು. ಒಂದು ಸಾಮಾನ್ಯ ಲೆಕ್ಕ: 230 ವೋಲ್ಟಿಗೆ 100 ವಾಟ್ ಕೊಡುವ ಫಿಲಮೆಂಟ್ ಬಲ್ಬು, ವೋಲ್ಟೇಜು 184ಕ್ಕೆ ಇಳಿದರೆ ಎಷ್ಟು ವಾಟ್ ಕೊಡುತ್ತದೆ? ವಿ ಸ್ಕ್ವೇರ್ ಬೈ ಆರ್. ವೋಲ್ಟೇಜು ಐದರಲ್ಲಿ ನಾಲ್ಕು ಪಾಲಾಯಿತು, ಅದರ ವರ್ಗ ಇಪ್ಪತ್ತೈದರಲ್ಲಿ ಹದಿನಾರು ಪಾಲು, ಉತ್ತರ 64 ವಾಟ್. ಸರಿ.

ತರಗತಿಯಲ್ಲಿ ಇದನ್ನು ಬಿಡಿಸಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ವೋಲ್ಟೇಜ್ ಕಮ್ಮಿಯಾದರೆ ಪವರ್ ಕಮ್ಮಿ, ಕರೆಂಟ್ ಕಮ್ಮಿ, ಬಿಸಿ ಕಮ್ಮಿ ಅಂತೀರಿ. ನಮ್ಮ ಮೋಟಾರು ವೋಲ್ಟೇಜ್ ಕಮ್ಮಿಯಾದಾಗಲೇ ಸುಟ್ಟುಹೋಗುತ್ತಲ್ಲ ಸಾರ್?” ಭೌತವಿಜ್ಞಾನದ ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಕೇಳಿಲ್ಲ. ಬೇಸಿಗೆಯಲ್ಲಿ ವೈಂಡಿಂಗ್ ಅಂಗಡಿಯ ಮುಂದೆ ಮೋಟಾರುಗಳು ಸಾಲಾಗಿ ಕೂತಿರುವುದನ್ನು ನೋಡಿದ ಯಾರಿಗಾದರೂ ಆ ಹುಡುಗ ಹೇಳಿದ್ದು ಸತ್ಯ ಎಂದು ಗೊತ್ತು. ಹಾಗಾದರೆ ಓಮ್‌ನ ನಿಯಮ ಸುಳ್ಳೇ?

ಬಲ್ಬು ಒಂದು ರೋಧ ಮಾತ್ರ. ಒಳಗೆ ಹೋದ ವಿದ್ಯುತ್ ಶಕ್ತಿಯೆಲ್ಲ ಬಿಸಿ ಮತ್ತು ಬೆಳಕಾಗುತ್ತದೆ. ಮೋಟಾರು ಹಾಗಲ್ಲ. ಅದು ತಿರುಗುತ್ತಿರುವಾಗ ಅದರ ಸುರುಳಿಯಲ್ಲೇ ಹೊರಗಿನ ವೋಲ್ಟೇಜಿಗೆ ಎದುರಾಗಿ ಇನ್ನೊಂದು ವೋಲ್ಟೇಜು ಹುಟ್ಟುತ್ತದೆ. ದ್ವಿತೀಯ ಪಿಯುಸಿಯಲ್ಲಿ ಬ್ಯಾಕ್ ಇಎಂಎಫ್ ಎಂದು ಓದುವುದು ಇದನ್ನೇ. ಕರೆಂಟನ್ನು ತೀರ್ಮಾನಿಸುವುದು ಇವೆರಡರ ನಡುವಿನ ಸಣ್ಣ ವ್ಯತ್ಯಾಸ. ಇನ್ನೊಂದು ವಿಷಯ: ಮೇಲೆ ಎತ್ತಬೇಕಾದ ನೀರಿನ ಹೊರೆ ವೋಲ್ಟೇಜು ಇಳಿಯಿತೆಂದು ಕಡಿಮೆಯಾಗುವುದಿಲ್ಲ. ಐನೂರು ಅಡಿ ಐನೂರು ಅಡಿಯೇ. ಮೋಟಾರು ಹೆಚ್ಚುಕಡಿಮೆ ಅದೇ ವೇಗದಲ್ಲಿ ಅದೇ ಕೆಲಸ ಮಾಡುತ್ತಿರಬೇಕು, ಅಂದರೆ ಪವರ್ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಪವರ್ ಎಂದರೆ ವೋಲ್ಟೇಜು ಗುಣಿಸು ಕರೆಂಟು. 415 ವೋಲ್ಟ್ 332ಕ್ಕೆ ಇಳಿದು ಐದರಲ್ಲಿ ನಾಲ್ಕು ಪಾಲಾದರೆ, ಕರೆಂಟು ನಾಲ್ಕರಲ್ಲಿ ಐದು ಪಾಲಾಗಲೇಬೇಕು: 1.25 ಪಟ್ಟು. ಸುರುಳಿಯ ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದ ಪ್ರಕಾರ: 1.25ರ ವರ್ಗ 1.56. ಬಿಸಿ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು. ತಂತಿಯ ಮೇಲಿನ ಇನ್ಸುಲೇಷನ್ ಎಷ್ಟು ಹೊತ್ತು ತಡೆದೀತು? ವೋಲ್ಟೇಜು ಇನ್ನೂ ಬಿದ್ದು ಮೋಟಾರು ನಿಂತೇ ಬಿಟ್ಟರೆ ಎದುರು ವೋಲ್ಟೇಜು ಪೂರ್ತಿ ಮಾಯವಾಗುತ್ತದೆ, ಕರೆಂಟು ಹಲವು ಪಟ್ಟು ಏರುತ್ತದೆ. ಚಾಲೂ ಮಾಡುವ ಕ್ಷಣದಲ್ಲೂ ಅದೇ ಸ್ಥಿತಿ. ಪಂಪ್‌ಸೆಟ್ಟಿನ ಸ್ವಿಚ್ ಹಾಕಿದಾಗ ಮನೆಯ ದೀಪ ಒಮ್ಮೆ ಮಂಕಾಗುವುದು ಅದಕ್ಕೇ. ದೊಡ್ಡ ಮೋಟಾರುಗಳಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇಡುವುದೂ ಅದಕ್ಕೇ: ಮೊದಲು ಸುರುಳಿಗೆ ಕಡಿಮೆ ವೋಲ್ಟೇಜು ಕೊಟ್ಟು, ವೇಗ ಹಿಡಿದ ಮೇಲೆ ಪೂರ್ತಿ ಕೊಡುತ್ತದೆ.

ಹುಡುಗನ ಮಾತೂ ನಿಜ, ಓಮ್‌ನ ನಿಯಮವೂ ನಿಜ. ಬಲ್ಬಿನಲ್ಲಿ ರೋಧ ಬದಲಾಗದೆ ಉಳಿಯಿತು, ಮೋಟಾರಿನಲ್ಲಿ ಮಾಡಬೇಕಾದ ಕೆಲಸ ಬದಲಾಗದೆ ಉಳಿಯಿತು. ಯಾವುದು ಬದಲಾಗದೆ ನಿಂತಿದೆ ಎಂದು ಮೊದಲು ಹುಡುಕದೆ ಫಾರ್ಮುಲಾ ಹಾಕುವಂತಿಲ್ಲ. ಅಷ್ಟೇ ಅಲ್ಲ, ಬಲ್ಬಿನ 64 ವಾಟ್ ಕೂಡ ಅಂದಾಜೇ. ಫಿಲಮೆಂಟ್ ತಣ್ಣಗಾದಷ್ಟೂ ಅದರ ರೋಧ ಇಳಿಯುತ್ತದೆ. ಉರಿಯುವಾಗ 529 ಓಮ್ ಇರುವ ಆ ಬಲ್ಬಿಗೆ ಆರಿದಾಗ ಮಲ್ಟಿಮೀಟರ್ ಹಿಡಿದರೆ ಅದರ ಹತ್ತನೇ ಒಂದು ಭಾಗವೂ ತೋರಿಸುವುದಿಲ್ಲ. ಲ್ಯಾಬಿನಲ್ಲಿ ಐದು ನಿಮಿಷದ ಕೆಲಸ ಇದು. ಹಳೆಯ ಬಲ್ಬು ಎಲ್ಲಾದರೂ ಸಿಕ್ಕರೆ ದಯವಿಟ್ಟು ಮಾಡಿಸಿ.

ಬೀರೂರು ಸ್ಟೇಷನ್ನಿನಲ್ಲಿ ಹಳಿಯ ಮೇಲೆ ಎಳೆದಿರುವ ತಂತಿಯಲ್ಲಿ 25,000 ವೋಲ್ಟ್ ಇದೆ. ಅಷ್ಟೊಂದು ಏಕೆ? ಎಂಜಿನ್ನಿಗೆ 50 ಲಕ್ಷ ವಾಟ್ ಬೇಕಾದರೆ 25,000 ವೋಲ್ಟಿನಲ್ಲಿ 200 ಆಂಪೇರ್ ಸಾಕು. ಮನೆಯ 230 ವೋಲ್ಟಿನಲ್ಲಾದರೆ ಸುಮಾರು 22,000 ಆಂಪೇರ್ ಬೇಕಾಗುತ್ತಿತ್ತು, ಆ ತಂತಿ ಕರಗಿ ಹೋಗುತ್ತಿತ್ತು. ಮತ್ತೆ ಅದೇ ಕರೆಂಟಿನ ವರ್ಗದ ಲೆಕ್ಕ.

ತರಂಗಕ್ಕೂ ಬೀರೂರೇ ಸಾಕು. 1899ರಿಂದ ಶಿವಮೊಗ್ಗದ ದಾರಿ ಕವಲೊಡೆಯುವ ಜಂಕ್ಷನ್ ಅದು. ನಿಲ್ಲದೆ ಹೋಗುವ ರೈಲು ಹಾರ್ನ್ ಹಾಕುತ್ತಾ ಬಂದು ದಾಟಿಹೋಗುವಾಗ ಸದ್ದಿನ ಶ್ರುತಿ ಕೆಳಕ್ಕೆ ಜಾರುವುದನ್ನು ಪ್ಲಾಟ್‌ಫಾರಮ್ಮಿನಲ್ಲಿ ನಿಂತವರೆಲ್ಲ ಕೇಳಿದ್ದಾರೆ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಶಬ್ದದ ವೇಗ 340. ಹಾರ್ನಿನ ಆವೃತ್ತಿ 400 ಹರ್ಟ್ಸ್ ಇದ್ದರೆ ಬರುವಾಗ ಕೇಳುವುದು 432, ಹೋಗುವಾಗ 373. ಸಂಗೀತ ಕಲಿಯುವವರು ಗಮನಿಸಿ, ಈ ಇಳಿತ ಪಂಚಮದಿಂದ ಶುದ್ಧ ಮಧ್ಯಮಕ್ಕೆ ಇಳಿದುದಕ್ಕಿಂತ ಸ್ವಲ್ಪ ಹೆಚ್ಚು. ಭೌತವಿಜ್ಞಾನಿ ಡಾಪ್ಲರ್ ಈ ಶ್ರುತಿ ಬದಲಾವಣೆಯನ್ನು ಹೇಳಿದ್ದು 1842ರಲ್ಲಿ. ಮೂರು ವರ್ಷದ ನಂತರ ಹಾಲೆಂಡಿನಲ್ಲಿ ಬೈಸ್ ಬ್ಯಾಲಟ್ ಇದನ್ನು ಪರೀಕ್ಷಿಸಿದ ರೀತಿ ಸೊಗಸಾದದ್ದು: ರೈಲಿನ ಮೇಲೆ ಕಹಳೆಯವರನ್ನು ಕೂರಿಸಿ, ಹಳಿಯ ಪಕ್ಕ ಸ್ವರಜ್ಞಾನ ಇರುವ ಸಂಗೀತಗಾರರನ್ನು ನಿಲ್ಲಿಸಿದ. ಮಕ್ಕಳು ಇಲ್ಲಿ ತಪ್ಪುವುದು ಒಂದೇ ಕಡೆ, ಕೂಡುವ ಕಳೆಯುವ ಚಿಹ್ನೆಯಲ್ಲಿ. ಚಿಹ್ನೆಯನ್ನು ಉರು ಹೊಡೆಯಬೇಡಿ. ಬರುವಾಗ ಏರಬೇಕು, ಹೋಗುವಾಗ ಇಳಿಯಬೇಕು ಎಂದು ಕಿವಿಗೆ ಗೊತ್ತಿದೆ. ಹಾಗೆ ಬರುವಂತೆ ಚಿಹ್ನೆ ಹಾಕಿ.

ಭರಣಿ ಮಳೆಯ ಮಿಂಚು ಗುಡುಗಿನ ಲೆಕ್ಕವನ್ನು ಹೇಳಿ ಮುಗಿಸುವಷ್ಟು ಸಣ್ಣದು: ಮಿಂಚಿ ಮೂರು ಸೆಕೆಂಡಿಗೆ ಗುಡುಗಿದರೆ ಸಿಡಿಲು ಒಂದು ಕಿಲೋಮೀಟರ್ ದೂರದಲ್ಲಿದೆ. ಹೊಲದಲ್ಲಿದ್ದರೆ ಕೂಡಲೇ ಮನೆಗೆ ಹೊರಡಿ, ಮರದ ಕೆಳಗೆ ನಿಲ್ಲಬೇಡಿ. ನಮ್ಮ ಬಯಲಿನಲ್ಲಿ ಈ ಲೆಕ್ಕ ಗೊತ್ತಿರುವುದು ಜೀವದ ಪ್ರಶ್ನೆ.

ಅಧ್ಯಾಪಕ ಮಿತ್ರರಲ್ಲಿ ಒಂದು ಕೋರಿಕೆ. ಸಿಲಬಸ್ ಮುಗಿಸುವ ಒತ್ತಡ ನನಗೆ ಗೊತ್ತಿಲ್ಲದ್ದಲ್ಲ. ಆದರೂ ವಾರಕ್ಕೆ ಒಂದು ಪಿರಿಯಡ್ಡನ್ನು ಒಂದೇ ಒಂದು ಲೆಕ್ಕಕ್ಕೆ ಬಿಟ್ಟುಕೊಡಿ. ಅಂಕಿಗಳನ್ನು ಕೊನೆಯಲ್ಲಿ ಕೊಡಿ. ಮೊದಲು ಒಬ್ಬ ಹುಡುಗಿಯನ್ನು ಎಬ್ಬಿಸಿ, ಲೆಕ್ಕದಲ್ಲಿ ಆಗುತ್ತಿರುವುದನ್ನು ಅವಳ ಊರಿನ ಕನ್ನಡದಲ್ಲಿ ಹೇಳಲು ಬಿಡಿ. ಇನ್ನೊಬ್ಬ ಬೋರ್ಡಿನ ಮೇಲೆ ಚಿತ್ರ ಬರೆಯಲಿ. ಉತ್ತರ ಸುಮಾರು ಎಷ್ಟಿರಬಹುದು ಎಂದು ಎಲ್ಲರೂ ಊಹೆ ಮಾಡಿ ಬರೆದಿಡಲಿ. ಅಂಕಿ, ಫಾರ್ಮುಲಾ, ಕ್ಯಾಲ್ಕುಲೇಷನ್ ಎಲ್ಲ ಆಮೇಲೆ ಹತ್ತು ನಿಮಿಷದ ಕೆಲಸ. ಉತ್ತರವನ್ನು ಇಂಗ್ಲಿಷಿನಲ್ಲೇ ಸ್ಟೆಪ್ ಬಿಡದೆ ಬರೆಸಿ, ಮಾರ್ಕ್ಸ್ ಅಲ್ಲಿರುವುದರಿಂದ. ಹೆಣ್ಣುಮಕ್ಕಳ ಬಗ್ಗೆಯೂ ಒಂದು ಮಾತು: ಮೋಟಾರು, ಗಾಡಿ, ರೈಲು ಎಂದ ಕೂಡಲೇ ಅದು ಹುಡುಗರ ಸಂಗತಿ ಎಂದು ಅವರು ಹಿಂದೆ ಸರಿಯದಂತೆ ನೋಡಿಕೊಳ್ಳಿ. ಕರೆಂಟು ಬಂದ ಹೊತ್ತಿಗೆ ಎದ್ದು ಪಂಪಿನ ಸ್ವಿಚ್ ಹಾಕುವವರು ಎಷ್ಟೋ ಮನೆಗಳಲ್ಲಿ ಅವರೇ.

ದತ್ತಿ ಉಪನ್ಯಾಸಕ್ಕೆ ಹೋಮ್‌ವರ್ಕ್ ಕೊಡುವ ಪದ್ಧತಿ ಇಲ್ಲ. ಆದರೂ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಕೊಡುತ್ತೇನೆ. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂತು. ಕಡೂರಿಗಿಂತ ಚಿಕ್ಕಮಗಳೂರು ಸುಮಾರು 300 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ, ರೈಲು 400 ಟನ್ ಇರಲಿ. ಹತ್ತುವುದಕ್ಕೆ, ಘರ್ಷಣೆಯನ್ನು ಬಿಟ್ಟು, ಎಷ್ಟು ಯುನಿಟ್ ಬೇಕು? ನಿಮ್ಮ ಮನೆಯ ತಿಂಗಳ ಬಿಲ್ಲಿನ ಪಕ್ಕ ಅದನ್ನು ಇಟ್ಟು ನೋಡಿ. ಮನುಷ್ಯನೊಬ್ಬ ಆ ರೈಲಿನಲ್ಲಿ ಕೂತು ಹೋದರೆ ಅವನ ಪಾಲಿಗೆ ಎಷ್ಟು? ಘರ್ಷಣೆಯನ್ನು ಬಿಟ್ಟದ್ದು ಸರಿಯೋ ಎಂದು ಹೇಗೆ ತಿಳಿಯುತ್ತೀರಿ? ಮತ್ತು ಅದೇ ರೈಲು ಸಂಜೆ ಕಡೂರಿಗೆ ಇಳಿದು ಬಂದು ನಿಲ್ಲುವಾಗ, ಹತ್ತಲು ಖರ್ಚಾದ ಅಷ್ಟೂ ಯುನಿಟ್ ಎಲ್ಲಿಗೆ ಹೋಗುತ್ತದೆ?